ಗುಂಡಿ ಡಬ್ಬಿ

ರಿಪೇರಿ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ತಂಗಿಯ ತೊಡೆಯ ಮೇಲೆ ಹೊಸ ಕಂಪ್ಯೂಟರಿನ ಪೆಟ್ಟಿಗೆ. ಅವಳ ಕಾಲು ಒಂದೇ ಸಮ ಕುಣಿಯುತ್ತಿತ್ತು. ಜೊತೆಗೆ ಪೆಟ್ಟಿಗೆಯೂ, ಬೆಂಚೂ, ನಾನೂ.

“ಬಟನ್ ಒತ್ತಿದ್ರೆ ಫ್ಯಾನ್ ಒಂದ್ ಸುತ್ತು ತಿರುಗಿ ನಿಂತೋಗತ್ತೆ. ಕೆಟ್ಟ ಬೋರ್ಡ್ ಕೊಟ್ಟಿದಾನೆ ಈ ಅಂಗಡಿಯವನು. ಇವತ್ತು ಬಿಡಲ್ಲ ಅಕ್ಕ.”

“ಮೆಲ್ಲಗೆ ಮಾತಾಡೇ.”

“ರೆಡಿ ಇರೋದೇ ತಗೋ ಅಂದ್ರು ಭಾವ. ನಾನೇ ಜೋಡಿಸ್ತೀನಿ ಅಂತ ಜಂಬ ಕೊಚ್ಚಿದೆ. ಈಗ ಅವರಿಗೆ ಹೇಗೆ ಮುಖ ತೋರಿಸ್ಲಿ?”

“ವೈರೆಲ್ಲ ಸರಿಯಾಗಿ ಹಾಕಿದ್ಯಾ?”

“ಎಷ್ಟು ಸಲ ಬಿಚ್ಚಿ ಹಾಕ್ಲಿ! ಅಕ್ಕ, ಕೌಂಟರ್ ಮೇಲೆ ಬಿಚ್ಚಿಟ್ಟಿರೋ ಕಂಪ್ಯೂಟರ್ ನೋಡು. ಅದರ ಬೋರ್ಡಿಗೆ ಕೆಳಗೆ ಪುಟ್ಟ ಹಿತ್ತಾಳೆ ಕಾಲುಗಳಿವೆ. ನಂದು ನೇರ ತಗಡಿಗೆ ತಾಕಿ ಶಾರ್ಟ್ ಆಗ್ತಿದೆ.”

“ಅಯ್ಯೋ, ಅವಾ?”

“ಅವಾ ಅಂದ್ರೆ?”

“ಮೇಜಿನ ಮೇಲೆ ಬಿದ್ದಿದ್ವು. ಮಿಕ್ಕಿದ್ದೇನೋ ಅಂತ ಹೊಲಿಗೆಯ ಗುಂಡಿ ಡಬ್ಬಿಗೆ ಹಾಕ್ದೆ.”

“ನಾನಿನ್ನೂ ಜೋಡಿಸೋಕೆ ಮುಂಚೇನೇ?”

“ಮನೆ ತುಂಬ ಹರಡ್ಕೊಂಡಿದ್ರೆ ಇನ್ನೇನು ಮಾಡ್ಲಿ!”

ಕುಣಿಯುತ್ತಿದ್ದ ಕಾಲು ನಿಂತಿತು.

“ಮುಂದೆ ಯಾರಮ್ಮ?” ಎಂದು ಅಂಗಡಿಯವನು ಕೂಗಿದ.

“ನಮ್ದು ಸರಿಹೋಯ್ತು” ಎಂದು ತಂಗಿ ಎದ್ದಳು. ಅವನು ಮುಚ್ಚಿದ ಪೆಟ್ಟಿಗೆಯನ್ನೇ ನೋಡಿದ.

ಬಾಗಿಲ ಹತ್ತಿರ ಅವಳ ದನಿ ಮತ್ತೆ ಕೇಳಿತು. “ಅಕ್ಕ, ನನ್ನ ಓಲೆ ಕಳೆದಾಗ ಕೆಲಸದವಳನ್ನ ಬಿಡಿಸಿದ್ವಲ್ಲ. ಆಗ ಆ ಡಬ್ಬಿ ನೋಡಿದ್ವಾ?”

ಅಕ್ಕ ತಂಗಿಗಿಂತ ಮೊದಲೇ ಮೆಟ್ಟಿಲಿಳಿದು, ಹೆಚ್ಚುಕಮ್ಮಿ ಓಡಿದಳು.