ತೂಬಿನ ಕೊಕ್ಕೆ

ನಮ್ಮ ಚಿಕ್ಕಪ್ಪ ಚಿಕ್ಕಸ್ವಾಮಿಯವರು ಹೆಮ್ಮರಗಾಲದ ದಾರಿಯ ಹಳೇ ಗದ್ದೆಯಲ್ಲಿ ಮನೆ ಕಟ್ಟಿಸುತ್ತಿದ್ದ ವರ್ಷ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಕೆರೆ ಹೂಳು ತುಂಬಿ, ಗದ್ದೆಗಳು ಬೀಳುಬಿದ್ದು ಎಷ್ಟೋ ಕಾಲವಾಗಿತ್ತು. ಕಟ್ಟಕಡೆಯಲ್ಲಿದ್ದ ಮುದ್ದಜ್ಜಿಯ ತುಂಡು ಗದ್ದೆಯೊಂದು ಮಾತ್ರ ಅದು ಹೇಗೋ ಹಸಿರಾಗಿಯೇ ಇತ್ತು. ರಜಕ್ಕೆ ಬಂದಿದ್ದ ನಾನು ಒಂದು ಸಂಜೆ ಅಲ್ಲಿಗೆ ಹೋದಾಗ, ಮಧ್ಯಾಹ್ನ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಎಲ್ಲರೂ ಸಿಮೆಂಟಿನ ಶೆಡ್ಡಿನಲ್ಲಿ ಕುಳಿತಿದ್ದರು. ಬೆಳಿಗ್ಗೆ ಪಾಯ ಅಗೆಯುವಾಗ ಸಿಕ್ಕಿದ್ದ ಕಬ್ಬಿಣವೊಂದು ಕೈಯಿಂದ ಕೈಗೆ ಹೋಗುತ್ತಿತ್ತು. ಮಾರುದ್ದದ ಸರಳು. ಒಂದು ತುದಿಗೆ ಬಳೆ, ಇನ್ನೊಂದು ತುದಿಗೆ ಬಾಗಿದ ಕೊಕ್ಕೆ. ಮೈಯೆಲ್ಲ ತುಕ್ಕು.

“ಗಾಡೀದು ಸಾ,” ಎಂದ ಮೇಸ್ತ್ರಿ ನಂಜುಂಡ.

“ಬಾವಿಗೆ ಬಿದ್ದ ಕೊಡ ಎತ್ತೋದಿರಬೇಕು,” ಎಂದೆ ನಾನು.

“ನಿಂಗೇನ್ಲಾ ಗೊತ್ತು?” ಚಿಕ್ಕಪ್ಪ ನಂಜುಂಡನ ಮೇಲೆ ರೇಗಿದರು. “ಸಂಜೆ ತೊಟ್ಟಿ ತುಂಬ ತುಂಬಿಸಿದ ನೀರು ಬೆಳಗಾಗೋದ್ರಲ್ಲಿ ಎಲ್ಲೋಯ್ತದೆ, ಅದ್ ಯೋಳು ಮೊದ್ಲು. ಕಳ್ಳ ನನ್ಮಗ!”

ನಂಜುಂಡ ತಲೆ ತಗ್ಗಿಸಿದ. ಮಳೆಗೆಂದು ಒಳಬಂದಿದ್ದ ಮುದ್ದಜ್ಜಿಗೆ ನೆಲ ಥಂಡಿಯೆಂದು ತಾನು ಕೂತಿದ್ದ ಗೋಣಿಯನ್ನು ಹಾಸಿಕೊಟ್ಟಿದ್ದವನು ಅವನೇ. ಎಂಬತ್ತರ ಆ ಮುದುಕಿ ಕಬ್ಬಿಣವನ್ನು ಮಡಿಲಿಗೆಳೆದುಕೊಂಡು, ಮಗುವಿನ ಮುಖ ಒರೆಸಿದಂತೆ ಸೆರಗಿನಿಂದ ಒರೆಸಿದರು. ಕೈ ಅಷ್ಟು ಮೃದು. ದನಿ ಮಾತ್ರ ಸಿಟ್ಟಿಗೆ ನಡುಗುತ್ತಿತ್ತು.

“ಈ ಪಾಯದಲ್ಲೇ ಸಿಕ್ತಾ?... ಅಂಗಾರೆ ಎಲ್ಲಾರೂ ಕೇಳಿ. ಇದು ಗಾಡೀದೂ ಅಲ್ಲ, ಬಾವೀದೂ ಅಲ್ಲ. ಕೆರೆ ತೂಬಿನ ಬಿರಡೆ ಎತ್ತೋ ಕೊಕ್ಕೆ ಕಣ್ರಪ್ಪ. ನೀರುಗಂಟಿ ಜವರಯ್ಯನ್ದು. ಊರ ಗದ್ದೆಗೆಲ್ಲ ನೀರು ಹಂಚೋನು ಅವ್ನು. ಅವನ್ಗೆ ಒಂದ್ ಗುಂಟೆ ಭೂಮಿ ಇರ್ಲಿಲ್ಲ, ಅದ್ಕೇ ಅವನ್ನ ಊರು ನಂಬ್ತಿತ್ತು. ಮಾರಾಜ್ರ ಕಾಲ... ಪ್ಲೇಗು ಬಂದೋದ ಮಾರ್ನೇ ವರ್ಸ. ನಮ್ಮಪ್ಪ ಪ್ಲೇಗಲ್ಲೇ ಓಗ್ಬುಟ್ಟಿದ್ದ. ನಮ್ಮವ್ವ ಚಿಕ್ಕಬಸಮ್ಮನ್ಗೆ ಇದ್ದದ್ದು ಆ ಕೊನೇ ಗದ್ದೆ ಒಂದೇ. ನಂಗಾಗ ಅತ್ತು ವರ್ಸ. ಜವರಯ್ಯ ನಂಗೆ ಅಂತ ನೇರಳೆ ಅಣ್ಣು ತರೋನು... ಮುಟ್ಟಂಗಿಲ್ವಲ್ಲ, ಎಲೆ ಮೇಲಿಟ್ಟು, ದೂರ ಓಗಿ ನಿಂತ್ಕಂಡು ನಗೋನು.

“ಕೆರೇಲಿ ನೀರು ಕಮ್ಮಿ ಆದ್ರೆ ಕೊನೇ ಗದ್ದೆ ನೆಂದ ಮ್ಯಾಲೇ ತಲೆ ಗದ್ದೆ. ಅದು ಊರ ಕಟ್ಟು. ತೂಬಿನ ಬಾಯಲ್ಲೇ ಇದ್ದ ತಲೆ ಗದ್ದೆ ಪಟೇಲನ್ದು. ಅವ್ನು ತೂಬಿನ ತಾವ ಬಂದು, ‘ನಂದಕ್ಕೆ ಮೊದ್ಲು ಬುಡ್ಲಾ’ ಅಂದ. ಜವರಯ್ಯ, ‘ಕೊನೇದು ನೆನೀಲಿ ಬುದ್ಧೀ, ಆಮ್ಯಾಕೆ ನಿಮ್ಮುದು’ ಅಂದ. ಇಷ್ಟೇ ಕಣಪ್ಪ ಅಂದಿದ್ದು... ಈ ಕಿವೀಲೇ ಕೇಳಿವ್ನಿ. ಮಾರ್ನೇ ದಿನ ಜವರಯ್ಯ ಇಲ್ಲ, ಕೊಕ್ಕೇನೂ ಇಲ್ಲ. ‘ಊರ ಕಬ್ಬಿಣ ಕದ್ಕಂಡು ಕೊಡಗಿಗೆ ಓಡೋದ’ ಅಂತ ಪಟೇಲ ಚಾವಡೀಲಿ ಕೂತು ಯೋಳ್ದ. ಊರು ಊಂ ಅಂತು! ಅವ್ನು ಬುಟ್ಟ ನೀರಲ್ಲಿ ಬೆಳ್ದಿದ್ದ ಉಂಡೋರು, ಒಬ್ರಾದ್ರೂ ಬಾಯ್ಬುಟ್ರಾ? ಕಳ್ಳನ ಎಂಡ್ತಿ ಅಂತ ರಾಚಮ್ಮನ್ನ ಊರಿಂದ ಅಟ್ಟುದ್ರು. ಪೂಜೆ ಮಾಡಿ ಮನೇಲಿ ಮಡಿಕ್ಕೊಳ್ಳೋ ಕೊಕ್ಕೇನ ಯಾವ ನೀರುಗಂಟಿ ಕದ್ದಾನು, ಯೋಳಿ?

“ಆಮ್ಯಾಕೆ ಸುರುವಾಯ್ತು... ಪಟೇಲ ಬೇರೆ ಆಳು ಇಟ್ಟು, ಬದದ ಮಟ್ಟಕ್ಕೆ ನೀರು ಕಟ್ಟಿಸೋನು. ಬೆಳಿಗ್ಗೆ ನೋಡುದ್ರೆ ಗದ್ದೆ ಬಿರುಕು ಬುಟ್ಟದೆ. ಬದ ಒಡ್ದಿಲ್ಲ, ಏಡಿ ತೂತಿಲ್ಲ. ನಮ್ಮ ಪೈರು ಮಾತ್ರ ನೀರಲ್ಲಿ ನಿಂತದೆ! ತಲೆ ಗದ್ದೆಯಿಂದ ನಮ್ಮ ಗದ್ದೆಗಂಟ ಬದದ ಮ್ಯಾಲೆ ಒದ್ದೆ ಎಜ್ಜೆ... ವಾಪಸ್ ಬಂದ ಎಜ್ಜೆ ಒಂದೂ ಇಲ್ಲ. ಮೂರು ವರ್ಸ ಒಂದು ತೆನೆ ಕಾಣ್ಲಿಲ್ಲ ಪಟೇಲ. ನೀರು ನೀರು ಅಂತ್ಲೇ ಸತ್ತ. ಬಾಯಿಗೆ ಬುಟ್ಟ ನೀರು ನಾಲ್ಗೆ ಮ್ಯಾಲೇ ಆರೋಗ್ತಿತ್ತಂತೆ.

“ಚಿಕ್ಕಸ್ವಾಮಿ, ಆ ಪಟೇಲ ನಿಮ್ಮ ತಾತ. ತಲೆ ಗದ್ದೆ, ನೀನು ಪಾಯ ತೆಗೆಸಿರೋ ಈ ಜಾಗ. ಕೊಡಗಿಗೆ ಓದೋನ ಕೊಕ್ಕೆ ಇಲ್ಲಿಗೆಂಗೆ ಬಂತು? ಯಾರು ಊತ್ರು? ಕೊಕ್ಕೆ ಒಂದ್ನೇ ಊತ್ರಾ?... ಎಪ್ಪತ್ತು ವರ್ಸ ಸತ್ಯವಂತನ್ನ ಕಳ್ಳ ಅಂದ್ರಲ್ಲೋ! ಈಗ ಈ ನಂಜುಂಡನ್ನ ಅಂತಿದ್ದೀಯಾ!”

ಚಿಕ್ಕಪ್ಪ ನಗಲು ನೋಡಿದರು. “ಯಾವ್ದೋ ಹಳೇ ಕತೆ, ಬುಡಜ್ಜಿ...”

“ಬುಡ್ತೀನಿ. ಮದ್ಯಾನದಿಂದ ಮಳೆ ಉಯ್ತಾ ಅದೆ. ನಿನ್ನ ಪಾಯದಲ್ಲಿ ಒಂದು ತೊಟ್ಟು ನಿಂತದಾ, ನೋಡ್ಕಂಡು ಬಾ.”

ನಂಜುಂಡ ಲಾಟೀನು ಹಿಡಿದ. ಅವನ ಹಿಂದೆ ನಾವೂ ಹೋದೆವು. ಸುತ್ತ ಕೆಸರು ಕುದಿಯುತ್ತಿತ್ತು. ಪಾಯದ ತಳದಲ್ಲಿ ಮಾತ್ರ ಒಣ ಮಣ್ಣು. ಬಿದ್ದ ಹನಿ ಬಿದ್ದಲ್ಲೇ ಇಂಗಿ, ಸಣ್ಣಗೆ ಧೂಳೇಳುತ್ತಿತ್ತು. ಕೆಳಗೆ ಅಜ್ಜಿಯ ಗದ್ದೆ ಕನ್ನಡಿಯಂತೆ ತುಂಬಿತ್ತು. ಚಿಕ್ಕಪ್ಪ ಅಂಗೈಯಲ್ಲಿ ಮಳೆನೀರು ಹಿಡಿದು ಕುಡಿದರು. ಬಾಯಾರಿಕೆ ತೀರದೆ ಮತ್ತೆ ಮತ್ತೆ ಹಿಡಿದರು.

ಹಿಂದೆಯೇ ಬಂದ ಮುದ್ದಜ್ಜಿ ಕೊಕ್ಕೆಯನ್ನು ಊರಿಕೊಂಡು ನಿಂತರು.

“ಕೊನೇದು ನೆಂದದೆ, ನೋಡ್ದಾ... ‘ಆಮ್ಯಾಕೆ ನಿಮ್ಮುದು’ ಅಂದಿದ್ದ. ಜವರಯ್ಯ ಯಾವತ್ತೂ ಸರದಿ ತಪ್ಪಿಸ್ದೋನಲ್ಲ ಕಣಪ್ಪ.”