ಬೆಳಕು ಬಟ್ಟಲಿಗೆ ಇಳಿಯುವಷ್ಟರಲ್ಲಿ

ತೈಪೆಯ ಸೋಯಾ ಹಾಲಿನ ಅಂಗಡಿಯ ಸಾಲಿನಲ್ಲಿ ಶಿಯೂಕಿನ್ ಅಜ್ಜಿ ಖಾಲಿ ಬಟ್ಟಲು ಹಿಡಿದು ನಿಂತಿದ್ದಳು. ಬಟ್ಟಲಿನಿಂದ ಎರಡಡಿ ಮೇಲೆ ದೀಪ ತೂಗುತ್ತಿತ್ತು. ಅವಳ ಮುಂದೆ ಒಬ್ಬ ಹುಡುಗ, ಅವನ ಅಕ್ಕ.

"ಅಕ್ಕಾ, ನನ್ ಕಂಪ್ಯೂಟರಿನ ಪ್ರೊಸೆಸರ್ ಐದು ಗಿಗಾಹರ್ಟ್ಸ್ ಮುಟ್ತು!"

"ಒಂದೇ ಏಟಿಗೆ ವೇಗ ಏರಿಸ್ದ್ಯಾ? ಸುಟ್ರೆ ಅಮ್ಮ ಇನ್ನೊಂದು ಕೊಡ್ಸಲ್ಲ."

"ಇಲ್ಲ ಮಾರಾಯ್ತಿ, ಚೂರುಚೂರೇ ಏರಿಸ್ದೆ. ಪ್ರತಿ ಸಲ ಬಿಸಿ ನೋಡ್ದೆ. ವೋಲ್ಟೇಜ್ ಮುಟ್ಲೇ ಇಲ್ಲ."

"ಕಂಪ್ಯೂಟರ್ ಮೇಲೆ ಹಸಿರು ಕುರುಕಲು ತಿಂಡಿ ಪೊಟ್ಟಣ ಇಟ್ಯಾ, ಎಲ್ರೂ ಶಕುನಕ್ಕೆ ಇಡೋ ಹಾಗೆ?"

"ಮೊದ್ಲು ಅದನ್ನೇ ಇಟ್ಟೆ. ಯಂತ್ರ ಹಠ ಮಾಡ್ಬಾರ್ದಲ್ಲ. ತಿಂದಿಲ್ಲ, ನಿನ್ನಾಣೆ!"

"ಜಾಣ. ಅದರ ವೇಗ ಎಷ್ಟು ಗೊತ್ತೇನೋ? ಸೆಕೆಂಡಿಗೆ ಐನೂರು ಕೋಟಿ ಮಿಡಿತ. ಆ ದೀಪದ ಬೆಳಕು ಈ ಅಜ್ಜಿ ಬಟ್ಟಲಿಗೆ ಇಳಿಯೋಷ್ಟರಲ್ಲಿ ಹತ್ತು ಸಲ ಮಿಡಿದಿರತ್ತೆ."

"ಬೆಳಕು ಇಳಿಯೋಷ್ಟರಲ್ಲೇ?"

"ಹ್ಞೂಂ."

ಇಬ್ಬರೂ ಹಾಲು ತೆಗೆದುಕೊಂಡು ಹೊರಟರು.

ಅಜ್ಜಿ ಬಟ್ಟಲನ್ನು ಅಂಗೈಯಿಂದ ಮುಚ್ಚಿದಳು. ಅದರ ಮೇಲೇ ಕಣ್ಣು ನೆಟ್ಟು, ಥಟ್ಟನೆ ಕೈ ತೆಗೆದಳು.

ಬೆಳಕು ಆಗಲೇ ಬಂದು ಕೂತಿತ್ತು.