ಒಂದು ಹನಿಯೂ ಸೋರದ ಗೋಡೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಹಿರಿಯ ಇಂಜಿನಿಯರರೇ, ಮೂವತ್ತೊಂದು ವರ್ಷ ನನ್ನ ಮುಖ ನೋಡಿ ನೋಡಿ ಬೇಸತ್ತಿರುವ ಸಹೋದ್ಯೋಗಿಗಳೇ, ಮತ್ತು ಕಾಫಿ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ನಿವೃತ್ತನಾಗುತ್ತಿರುವ ಅಣೆಕಟ್ಟಿನ ಕಾವಲುಗಾರನಿಗೆ ಎರಡು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಎರಡೇ ಮಾತು ಎಂದು ನಿರೂಪಕರು ಕಿವಿಯಲ್ಲಿ ಹೇಳಿದ್ದಾರೆ. ನೋಡೋಣ.

ಮೊದಲು ಈ ಫಲಕ. ‘ಒಂದು ಹನಿಯೂ ಸೋರದಂತೆ ಅಣೆಕಟ್ಟನ್ನು ಕಾಯ್ದ ನಿಷ್ಠಾವಂತನಿಗೆ’ ಎಂದು ಕೆತ್ತಿಸಿದ್ದೀರಿ. ಅಕ್ಷರ ಚೆನ್ನಾಗಿದೆ. ಆದರೆ ಸ್ವಾಮೀ, ನಮ್ಮ ಅಣೆಕಟ್ಟು ಸೋರಬೇಕು! ಎಷ್ಟು ಸಲ ಹೇಳಲಿ? ಅದು ಅರವತ್ತು ವರ್ಷದ ಕಲ್ಲಿನ ಗೋಡೆ. ಒಳಗೆ ಇಳಿದ ನೀರು ಹೊರಗೆ ಹೋಗಲೆಂದೇ ಕಟ್ಟಿದವರು ಬುಡದಲ್ಲಿ ಹನ್ನೆರಡು ಕಿಂಡಿ ಬಿಟ್ಟಿದ್ದರು. ಆ ನೀರಿಗೆ ದಿನಾ ಬೆಳಿಗ್ಗೆ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಎಂದು ಬರೆಯುವುದು ನನ್ನ ಕೆಲಸ. ನಲವತ್ತು, ನಲವತ್ತೆರಡು, ಮೂವತ್ತೊಂಬತ್ತು. ಮನೆಗೆ ಬಂದ ಕೂಡಲೇ ನನ್ನ ಹೆಂಡತಿ, “ಇವತ್ತು ಎಷ್ಟು?” ಎಂದು ಕೇಳುತ್ತಿದ್ದಳು. ಆಸ್ಪತ್ರೆಯ ಮಂಚದ ಮೇಲೂ ಕೇಳಿದಳು. ಆ ದಿನ ನಾನು ಅಣೆಕಟ್ಟಿನ ಕಡೆಗೇ ಹೋಗಿರಲಿಲ್ಲ. “ನಲವತ್ತು” ಎಂದೆ. ಅವಳಿಗೆ ಸಮಾಧಾನವಾಯಿತು. ಇದನ್ನೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೋ! ಇರಲಿ.

ಮೂರು ತಿಂಗಳ ಹಿಂದೆ ಏನಾಯಿತು? ಅಣೆಕಟ್ಟಿಗೆ ಅರವತ್ತು ತುಂಬಿತು. ಫೋಟೋ ತೆಗೆಯಬೇಕು, ಫೋಟೋದಲ್ಲಿ ಪಾಚಿಯ ಕಲೆ ಕಾಣಬಾರದು. ಗಾರೆಯವರು ಬಂದು ಹನ್ನೆರಡು ಕಿಂಡಿಗೂ ಸಿಮೆಂಟು ಮೆತ್ತಿ, ಮೇಲೆ ತಿಳಿನೀಲಿ ಬಣ್ಣ ಬಳಿದರು. ನಾನು ಬಾಯಿ ಬಡಿದುಕೊಂಡೆ. ಇಲ್ಲೇ ಕೂತಿರುವ ನಮ್ಮ ಸಾಹೇಬರು ಬೆನ್ನು ತಟ್ಟಿ, “ಸೋರೋದು ನಿಂತ್ರೆ ಒಳ್ಳೇದೇ ಅಲ್ವೇನ್ರೀ? ಸೊನ್ನೆ ಅಂತ ಬರ್ಕೊಳ್ಳಿ” ಎಂದರು. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ಗಮನಿಸಲಾಗಿದೆ’ ಎಂದು ಮುದ್ರೆ ಬಿತ್ತು. ಗಮನಿಸಿದವರು ಯಾರು? ಮುದ್ರೆಯೇ?

ಆದರೂ ಸೊನ್ನೆ ಬರೆದದ್ದು ನನ್ನ ಕೈ. ತೊಂಬತ್ತು ದಿನ, ತೊಂಬತ್ತು ಸೊನ್ನೆ. ಹೋಗುವ ಕಾಲಕ್ಕೆ ಜಗಳ ಯಾಕೆ ಎಂದುಕೊಂಡೆ. ಈಗ ನಾಚಿಕೆಯಾಗುತ್ತಿದೆ. ಫಲಕ ನಿಮ್ಮಲ್ಲೇ ಇರಲಿ.

ಕಿಂಡಿ ಮುಚ್ಚಿದರೆ ನೀರು ಬೇಜಾರು ಮಾಡಿಕೊಂಡು ವಾಪಸು ಹೋಗುತ್ತದೆಯೇ? ಮೊನ್ನೆ ಅಣೆಕಟ್ಟಿನ ಬುಡದಲ್ಲೇ ಇರುವ ಕೆಳಬೀದಿಯಲ್ಲಿ ನನ್ನ ಮಗಳ ಹಿತ್ತಿಲು ಒದ್ದೆಯಾಯಿತು. ಕೊಳಾಯಿ ರಿಪೇರಿಯವನು ಬಂದು ಮೊಣಕಾಲುದ್ದ ಅಗೆದು, “ಅಕ್ಕಾ, ಇಲ್ಲಿ ಪೈಪೇ ಇಲ್ವಲ್ಲ!” ಎಂದನಂತೆ. ಇಲ್ಲಿಗೆ ಬರುವ ಮುಂಚೆ ನಾನೇ ಹೋಗಿ ನೋಡಿದೆ. ಆ ಗುಂಡಿಯಲ್ಲಿ ನೀರು ಕುದಿಯುವ ಹಾಗೆ ಉಕ್ಕುತ್ತಿದೆ, ಜೊತೆಗೆ ಮರಳು ಬರುತ್ತಿದೆ. ಅದು ಗೋಡೆಯ ಅಡಿಯ ಮರಳು. ಸಾಹೇಬರಿಗೆ ಫೋನ್ ಮಾಡಿದರೆ, “ಹೇಗೂ ಸಭೇಲಿ ಸಿಗ್ತೀವಲ್ಲ, ಅಲ್ಲೇ ಮಾತಾಡೋಣ” ಎಂದರು. ಸಭೆ ಇದೇ ಅಲ್ಲವೇ? ಮಾತಾಡುತ್ತಿದ್ದೇನೆ. ಸುತ್ತಿ ಬಳಸಿ ಹೇಳುವುದು ನನ್ನ ಕೆಟ್ಟ ಚಾಳಿ, ಇದನ್ನೇ ಮೊದಲು ಹೇಳಬೇಕಿತ್ತು.

ಕಾಲುವೆಯ ತೂಬನ್ನು ಅಪ್ಪಣೆಯಿಲ್ಲದೆ ಪೂರ್ತಿ ತೆರೆದು ಬಂದಿದ್ದೇನೆ. ನೀರು ಇಳಿಯಲು ಎರಡು ದಿನ ಬೇಕು. ಅಲ್ಲಿಯವರೆಗೆ ಗೋಡೆ ನಿಲ್ಲುತ್ತದೆಯೇ? ನನಗೆ ಗೊತ್ತಿಲ್ಲ. ನಿಲ್ಲುತ್ತದೆ ಎನ್ನುವವರು ವೇದಿಕೆಯ ಮೇಲೆ ಯಾರಾದರೂ ಇದ್ದರೆ, ಇಂದು ನನ್ನ ಮಗಳ ಮನೆಯಲ್ಲಿ ಮಲಗಲಿ.

ಮಗಳೇ, ಮೂರನೇ ಸಾಲಿನಿಂದ ಕಣ್ಸನ್ನೆ ಮಾಡಿ ನನ್ನನ್ನು ಕೂರಿಸಬೇಡ. ಎದ್ದೇಳು. ಮಗುವನ್ನು ಎತ್ತಿಕೊಂಡು ದಿಬ್ಬದ ಮೇಲಿನ ನಿನ್ನ ಸೋದರತ್ತೆಯ ಮನೆಗೆ ನಡಿ. ಬಟ್ಟೆಬರೆಗೆಂದು ಮನೆಗೆ ಹೋಗಬೇಡ. ಉಳಿದವರಿಗೆ ಎದ್ದೇಳಿ ಎಂದು ಹೇಳುವ ಅಧಿಕಾರ ನನಗಿಲ್ಲ, ಐದು ಗಂಟೆಗೇ ನಿವೃತ್ತನಾದೆ. ಆದರೆ ಕೆಳಬೀದಿಯವರೇ, ಅವಳು ಯಾವ ದಾರಿಯಲ್ಲಿ ಹೋಗುತ್ತಾಳೆ ಎಂದು ನೋಡಿಕೊಳ್ಳಿ. ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ಉಪಕಾರವಾಯಿತು. ಇನ್ನು ದಯವಿಟ್ಟು ಕೂರಬೇಡಿ. ನಮಸ್ಕಾರ.